ಪರದೆ ಹಿಂದಿನ ಮಾಣಿಕ್ಯವತಿ

ಅಂಜನಮ್ಮನ ಮದುವೆ ಸೀರೆಯನ್ನು ಅವಳು ಉಟ್ಟಿದ್ದು ಒಟ್ಟು ನಾಲ್ಕು ಸಲ. ಅವಳ ಗಂಡ ಚಿಕ್ಕಬೈರಪ್ಪ ಉಟ್ಟಿದ್ದು ಹತ್ತೊಂಬತ್ತು ಸಲ. ಸಾರಕ್ಕಿಯ ಹೆಂಗಸರು ಬಾವಿಯ ಹತ್ತಿರ ಇದನ್ನೇ ಎತ್ತಿಕೊಂಡು ರೇಗಿಸುತ್ತಿದ್ದರು.

“ಬೈರಪ್ಪನ ಮನೇಲಿ ಹೆಂಗಸ್ರು ಇಬ್ರು, ಸೀರೆ ಮಾತ್ರ ಒಂದೇ ಕಣ್ರೇ!”

ಅಂಜನಮ್ಮ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, “ಅದ್ರಲ್ಲಿ ಚೆಂದ ಇರೋಳು ನಾನಲ್ಲ ಬಿಡ್ರವ್ವ” ಎಂದು ನಕ್ಕು ಹೋಗುತ್ತಿದ್ದಳು.

ಆ ಸೀರೆಯನ್ನು ಇನ್ನೊಬ್ಬಳು ಉಟ್ಟದ್ದು ಎರಡೇ ಎರಡು ಸಲ. ಅದರಲ್ಲಿ ಮೊದಲನೇ ಸಲಕ್ಕೆ ಅಂಜನಮ್ಮನ ಮನೆಯಲ್ಲಿ ಮೂರು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಂಜನಮ್ಮ ಪುಟ್ಟೇನಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಮದುವೆಯಾಗಿ ಸಾರಕ್ಕಿಗೆ ಬಂದವಳು. ಬಂದ ವರ್ಷವೇ ಊರಿನ ಗಂಡಸರು ಸೇರಿಕೊಂಡು ‘ಮಾಣಿಕ್ಯವತಿ’ ಎಂಬ ಸಂಗೀತ ನಾಟಕ ಕಲಿತರು. ಹಾರ್ಮೋನಿಯಂ ಮೇಷ್ಟ್ರು ಪರಮಶಿವಯ್ಯನವರು ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದು ತಾಲೀಮು ಮಾಡಿಸುತ್ತಿದ್ದರು. ಆಗೆಲ್ಲ ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡಬೇಕು. ಮೀಸೆ ಬಂದರೂ ದನಿ ಒಡೆಯದಿದ್ದ ಚಿಕ್ಕಬೈರಪ್ಪ ರಾಣಿ ಮಾಣಿಕ್ಯವತಿಯಾದ. ಊರಿನ ಯಜಮಾನ ಬೋರಣ್ಣ ರಾಜನಾದ.

ಕಥೆ ಇಷ್ಟೇ. ಸವತಿಯ ಚಾಡಿ ಕೇಳಿ ರಾಜ ರಾಣಿಯನ್ನು ಅರಮನೆಯಿಂದ ಆಚೆ ನೂಕುತ್ತಾನೆ. ಅವಳು ಹೊಸಿಲಿಗೆ ಕೈಮುಗಿದು ಒಂದು ಹಾಡು ಹೇಳಿ, ವಿಷ ಕುಡಿದು ಬೀಳುತ್ತಾಳೆ. ಆ ಹಾಡಿಗೋಸ್ಕರ ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ರಾಣಿ ಸತ್ತು ಬಿದ್ದ ಮೇಲೆ “ಒನ್ಸ್ ಮೋರ್!” ಎಂಬ ಕೂಗು ಏಳುತ್ತಿತ್ತು. ಮೇಷ್ಟ್ರು ಮತ್ತೆ ಹಾರ್ಮೋನಿಯಂ ಒತ್ತಿದರೆ ಸತ್ತವಳು ಸೆರಗು ಸರಿಮಾಡಿಕೊಂಡು ಎದ್ದು, ಮತ್ತೆ ಹಾಡಿ, ಮತ್ತೆ ಸಾಯಬೇಕು. ಕೋಣನಕುಂಟೆಯಲ್ಲಿ ಒಂದು ಸಲ ಚಿಕ್ಕಬೈರಪ್ಪ ಒಂದೇ ಆಟದಲ್ಲಿ ಐದು ಬಾರಿ ಸತ್ತಿದ್ದ.

ಸೀರೆ ಉಡಿಸುವುದು ಅಂಜನಮ್ಮನ ಕೆಲಸ. ಆಮೇಲೆ ಅವಳು ಶುಂಠಿ ಮೆಣಸಿನ ಕಷಾಯದ ಚೊಂಬು ಹಿಡಿದು ರಂಗದ ಪಕ್ಕದ ಪರದೆಯ ಹಿಂದೆ ಕೂರುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಆ ನಾಟಕವನ್ನು ಮುಂದಿನಿಂದ ನೋಡಲಿಲ್ಲ. ಹಾಡು ಮಾತ್ರ ಅಕ್ಷರ ಬಿಡದೆ ಬಾಯಿಗೆ ಬಂದಿತ್ತು. ಆದರೆ ಹಾಡಲು ಬರುತ್ತಿರಲಿಲ್ಲ. ಅವಳ ದನಿ ಒಣಗಿದ ತೆಂಗಿನ ಗರಿ ಎಳೆದ ಹಾಗೆ ಎಂದು ಗಂಡನೇ ನಗುತ್ತಿದ್ದ.

ಚಿಕ್ಕಬೈರಪ್ಪನಿಗೆ ಒಂದು ಗುಣವಿತ್ತು. ಒಂದು ಸಲ ಬಿಟ್ಟದ್ದನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ. ಅಣ್ಣನ ಜೊತೆ ಹೊಲದ ಬಾವಿಯ ವಿಷಯಕ್ಕೆ ಮಾತಾಯಿತು, ಆ ಬಾವಿಯ ನೀರನ್ನು ಅವತ್ತಿನಿಂದ ಬಾಯಿಗೆ ಹಾಕಲಿಲ್ಲ. ಜಯನಗರದ ಬಡಾವಣೆಗೆ ಅವನ ಎರಡು ಎಕರೆ ಹೋಯಿತು. ನೇಗಿಲನ್ನು ಅಟ್ಟದ ಮೇಲೆ ಎಸೆದವನು ಮತ್ತೆ ಇಳಿಸಲಿಲ್ಲ, ಆ ಕಡೆಯ ದಾರಿಯನ್ನೂ ತುಳಿಯಲಿಲ್ಲ. ಸೊಪ್ಪಿನ ಕುಕ್ಕೆ ಹೊತ್ತು ನಾಲ್ಕನೇ ಬ್ಲಾಕಿಗೆ ಹೋಗಬೇಕಾದರೂ ಸುತ್ತು ಹಾಕಿಯೇ ಹೋಗುತ್ತಿದ್ದ. ನಾಟಕವೂ ನಿಂತುಹೋಗಿತ್ತು. ಟೆಂಟ್ ಸಿನಿಮಾ ಬಂದಮೇಲೆ ಯಾರು ಕೇಳುತ್ತಾರೆ? ಇವೆಲ್ಲ ಹೋದರೂ ಹಾಡು ಉಳಿದಿತ್ತು. ಬೆಳಗಿನ ಜಾವ ಸೊಪ್ಪು ಕಟ್ಟುವಾಗ ಅವನು ಹಾಡಿಕೊಳ್ಳುತ್ತಿದ್ದ. ಮಕ್ಕಳಿಲ್ಲದ ಆ ಮನೆಗೆ ಅದೊಂದೇ ಸದ್ದು. ಅಂಜನಮ್ಮನಿಗೆ ದಿನ ಶುರುವಾಗುತ್ತಿದ್ದದ್ದೇ ಅದರಿಂದ.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಊರಿನ ಸ್ಕೂಲಿನ ಸೂರು ಬಿತ್ತು. ಮಕ್ಕಳು ಆಲದ ಮರದ ಕೆಳಗೆ ಕೂತು ಓದತೊಡಗಿದರು. ಹದಿಮೂರು ವರ್ಷದ ಹಿಂದೆ ನಿಂತಿದ್ದ ‘ಮಾಣಿಕ್ಯವತಿ’ಯನ್ನು ಮತ್ತೆ ಆಡಿ, ಟಿಕೆಟ್ ಇಟ್ಟು, ಸೂರು ಹಾಕಿಸೋಣ ಎಂದು ಬೋರಣ್ಣ ಹೊರಟ. ಟಿಕೆಟ್ಟಿನ ವ್ಯವಹಾರ ಹಳ್ಳಿಯವರಿಗೆ ತಿಳಿಯದು ಅಂತ ಜಯನಗರದ ಹೊಸ ಮನೆಗಳ ಸಂಘದ ಕಾರ್ಯದರ್ಶಿ ಚಕ್ರಪಾಣಿಯನ್ನು ಕರೆಸಿದರು. ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಎರಡು ಪೆನ್ನು. ಬೋರಣ್ಣನ ಜಗಲಿಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತ.

“ನೋಡಿ ಯಜಮಾನ್ರೇ, ಜಯನಗರ, ಬಸವನಗುಡಿಯಿಂದ ಜನ ಕಾಸು ಕೊಟ್ಟು ಬರ್ಬೇಕು ಅಂದ್ರೆ ಒಂದು ಹೆಸರು ಬೇಕು.”

“ನನಗಿಲ್ವಾ ಸ್ವಾಮಿ ಹೆಸರು? ಬೋರಣ್ಣ ಅಂತ, ನಮ್ಮಪ್ಪನೇ ಇಟ್ಟಿದ್ದು” ಎಂದ ಬೋರಣ್ಣ. ಜಗಲಿಯೆಲ್ಲ ನಕ್ಕಿತು.

ಚಕ್ರಪಾಣಿ ನಗಲಿಲ್ಲ. “ಸಿನಿಮಾ ಹೆಸರು. ಕಮಲಾದೇವಿ ಒಪ್ಕೊಂಡಿದಾಳೆ. ಮೂರು ಪಿಕ್ಚರ್ ಆಗಿದೆ ಅವಳದು. ಮದರಾಸಿಂದ ಬರ್ತಾಳೆ.”

“ಬರ್ಲಿ. ಸವತಿ ಪಾತ್ರ ಕೊಟ್ರೆ ಆಯ್ತು.”

“ಸವತಿಯಾ? ಪೋಸ್ಟರಲ್ಲಿ ಹಾಕೋದು ಅವಳ ಮುಖ. ಅವಳೇ ಮಾಣಿಕ್ಯವತಿ.” ಸ್ವಲ್ಪ ತಗ್ಗಿದ ದನಿಯಲ್ಲಿ ಸೇರಿಸಿದ: “ತಪ್ಪು ತಿಳ್ಕೋಬೇಡಿ. ಗಂಡಸು ಸೀರೆ ಉಟ್ಕೊಂಡು ಬಂದ್ರೆ ಈಗಿನ ಜನ ನಗ್ತಾರೆ.”

ಎಲ್ಲರ ಕಣ್ಣು ಕಂಬಕ್ಕೆ ಒರಗಿದ್ದ ಚಿಕ್ಕಬೈರಪ್ಪನ ಕಡೆಗೆ ಹೋಯಿತು. ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಂಜನಮ್ಮನೂ ಅವನನ್ನೇ ನೋಡಿದಳು. ಅವನು ಹೆಗಲ ಟವಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಆಗ್ಲಿ ಬಿಡಿ ಸ್ವಾಮಿ. ಮಕ್ಳಿಗೆ ಸೂರಾಗ್ಬೇಕು.”

ಅಷ್ಟು ಹೇಳಿ ಎದ್ದು ಹೋದ. ಮಜ್ಜಿಗೆ ಕುಡಿಯಲಿಲ್ಲ.

ವಾರದಲ್ಲಿ ಪೋಸ್ಟರುಗಳು ಬಂದವು. ನಾಲ್ಕನೇ ಬ್ಲಾಕಿನ ಗೋಡೆಗಳ ಮೇಲೆ ಕಮಲಾದೇವಿಯ ಮುಖ, ಮೊರದಗಲ ಹೆಸರು. ಕೆಳಗೆ ಸಣ್ಣಗೆ ಬೋರಣ್ಣ, ಪರಮಶಿವಯ್ಯ. ಚಿಕ್ಕಬೈರಪ್ಪನಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಗೋಡೆಯ ಮುಂದೆ ಕುಕ್ಕೆ ಇಳಿಸಿ, ಮೇಲಿಂದ ಕೆಳಗಿನವರೆಗೂ ಬೆರಳಿಟ್ಟು ಓದಿ ಬಂದೆ ಎಂದು ಮನೆಯಲ್ಲಿ ಹೇಳಿದ. ತನ್ನ ಹೆಸರು ಇತ್ತೋ ಇಲ್ಲವೋ ಹೇಳಲಿಲ್ಲ. ಅಂಜನಮ್ಮ ಕೇಳಲೂ ಇಲ್ಲ.

ನಾಟಕಕ್ಕೆ ಎಂಟು ದಿನ ಇರುವಾಗ ಕಮಲಾದೇವಿ ಕಾರಿನಲ್ಲಿ ಬಂದಿಳಿದಳು. ಪೋಸ್ಟರಿನಲ್ಲಿ ಕಂಡಷ್ಟು ದೊಡ್ಡ ಹೆಂಗಸಲ್ಲ. ಇಪ್ಪತ್ತೆರಡರ ಹುಡುಗಿ, ಸಣ್ಣ ಕೈ, ಸಣ್ಣ ಕತ್ತು. ಮಾತು ಚೆನ್ನಾಗಿ ಆಡಿದಳು, ಅಳುವುದು ಇನ್ನೂ ಚೆನ್ನಾಗಿ ಅತ್ತಳು. ಪರಮಶಿವಯ್ಯನವರು ಸಂತೋಷದಿಂದ ಹಾರ್ಮೋನಿಯಂ ಎಳೆದುಕೊಂಡು ಕೊನೆಯ ಹಾಡಿನ ಶ್ರುತಿ ಕೊಟ್ಟರು.

“ಹೂಂ, ಎತ್ಕೊಳಮ್ಮ.”

ಅವಳು ತುಟಿ ಆಡಿಸಿದಳು. ಕಣ್ಣು, ಹುಬ್ಬು, ಕೈ ಎಲ್ಲ ಹಾಡಿದವು. ದನಿ ಬರಲಿಲ್ಲ.

“ಬಾಯಿ ಬಿಟ್ಟು ಹಾಡಮ್ಮ.”

“ಮೇಷ್ಟ್ರೇ... ಅಲ್ಲಿ ನಮಗೆ ಹಾಡೋರು ಬೇರೆ ಇರ್ತಾರಲ್ಲ” ಎಂದಳು ಹುಡುಗಿ. ಚಕ್ರಪಾಣಿಯ ಕಡೆ ತಿರುಗಿ, “ನಾನು ಅವತ್ತೇ ಹೇಳಿದ್ನಲ್ಲ ಸಾರ್?” ಎಂದಳು.

ಚಕ್ರಪಾಣಿ ಹಣೆ ಒರೆಸಿಕೊಂಡ. “ಅದಕ್ಕೇನು, ಮೈಕ್ ಇಡ್ತೀವಿ. ಮೆಲ್ಲಗೆ ಹೇಳಿದ್ರೂ ಕೇಳ್ಸತ್ತೆ.”

“ಮೈಕು ದನಿ ದೊಡ್ಡದು ಮಾಡುತ್ತೆ ಸ್ವಾಮಿ, ಶ್ರುತಿ ಸೇರಿಸೋಲ್ಲ” ಎಂದರು ಮೇಷ್ಟ್ರು. ಪೆಟ್ಟಿಗೆಯ ಮೇಲಿಂದ ಕೈ ತೆಗೆದುಬಿಟ್ಟರು.

ಟಿಕೆಟ್ಟುಗಳೆಲ್ಲ ಆಗಲೇ ಖರ್ಚಾಗಿದ್ದವು. ಎಂಟು ದಿನದಲ್ಲಿ ಒಂಬತ್ತು ಹಾಡು ಕಲಿಯುವ ಗಾಯಕಿ ಎಲ್ಲಿ ಸಿಕ್ಕಾಳು? ಕೊನೆಗೆ ಮೇಷ್ಟ್ರೇ ಒಂದು ದಾರಿ ಹೇಳಿದರು. ಹುಡುಗಿ ಮುಂದೆ ನಿಂತು ಬಾಯಾಡಿಸಲಿ, ಪಕ್ಕದ ಪರದೆಯ ಹಿಂದೆ ಇನ್ನೊಂದು ಮೈಕ್ ಇಟ್ಟುಕೊಂಡು ಬೈರ ಹಾಡಲಿ.

ಅವತ್ತು ಸಂಜೆ ಚಕ್ರಪಾಣಿ, ಬೋರಣ್ಣ, ಮೇಷ್ಟ್ರು ಮೂವರೂ ಅಂಜನಮ್ಮನ ಮನೆಯ ಹೊಸಿಲಿನ ಹತ್ತಿರ ನಿಂತರು. ಚಕ್ರಪಾಣಿಗೆ ಒಂದೇ ಭಯ. “ಹಾಡ್ತಿರೋದು ನೀವು ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು, ಬೈರಪ್ಪ. ದೇವರಾಣೆ.”

“ನಾನ್ಯಾಕೆ ಹೇಳ್ಲಿ ಸ್ವಾಮಿ” ಎಂದ ಚಿಕ್ಕಬೈರಪ್ಪ. “ಹಾಡ್ತೀನಿ.”

ಕೇಳಿದ ತಕ್ಷಣ ಒಪ್ಪಿಕೊಂಡದ್ದು ಅಂಜನಮ್ಮನಿಗೆ ಸರಿಬರಲಿಲ್ಲ. ಆದರೂ ಮಾರನೆಯ ದಿನದಿಂದ ತಾಲೀಮಿನಲ್ಲಿ ಅವನು ಪರದೆಯ ಹಿಂದೆ ಕೂತು ಹಾಡಿದಾಗ, ಹದಿಮೂರು ವರ್ಷದ ಮೇಲೆ ಆ ದನಿಗೆ ಹಾರ್ಮೋನಿಯಂ ಜೊತೆಯಾದಾಗ, ಅವಳ ಮೈ ಜುಮ್ಮೆಂದಿತು. ಹೆಸರು ಯಾರದಾದರೂ ಆಗಲಿ, ಹಾಡು ಇವರದೇ ತಾನೇ ಎಂದುಕೊಂಡಳು.

ನಾಟಕಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನ, ಕಮಲಾದೇವಿ ಒಬ್ಬಳೇ ಅವರ ಮನೆಗೆ ಬಂದಳು. ಚಿಕ್ಕಬೈರಪ್ಪ ಸೊಪ್ಪು ಮಾರಿ ಇನ್ನೂ ಬಂದಿರಲಿಲ್ಲ. ಹುಡುಗಿ ಜರತಾರಿಯ ಜಾರುವ ಸೀರೆ ಉಟ್ಟಿದ್ದಳು. ಕೂರಲು ಹೋದರೆ ನೆರಿಗೆ ಕಳಚುತ್ತಿತ್ತು.

“ಅಕ್ಕಾ, ಈ ಸೀರೇಲಿ ಬೀಳೋಕೆ ಭಯ ಆಗತ್ತೆ. ಅಣ್ಣಾವ್ರಿಗೆ ನೀವೇ ಉಡಿಸ್ತಿದ್ರಂತೆ, ಬಿದ್ರೂ ನೆರಿಗೆ ಬಿಚ್ತಿರ್ಲಿಲ್ವಂತೆ. ನನಗೂ ಹೇಳ್ಕೊಡ್ತೀರಾ?”

“ಸಿನಿಮಾದೋಳಿಗೆ ಭಯಾನಾ?”

“ಅಲ್ಲಿ ತಪ್ಪಾದ್ರೆ ಇನ್ನೊಂದು ಸಲ ತೆಗೀತಾರೆ ಅಕ್ಕ. ಇಲ್ಲಿ ಎಲ್ರೂ ಎದುರಿಗೇ ಕೂತಿರ್ತಾರಲ್ಲ.” ಅವಳ ಕಾಲ್ಬೆರಳುಗಳು ಸಗಣಿ ಸಾರಿಸಿದ ನೆಲವನ್ನು ಕೆರೆಯುತ್ತಿದ್ದವು.

ಅಂಜನಮ್ಮನ ಕರುಳು ಕರಗಿತು. ಟ್ರಂಕು ತೆಗೆದಳು. ಅಪ್ಪ ಮದುವೆಗೆಂದು ಚಿಕ್ಕಪೇಟೆಯಿಂದ ತಂದಿದ್ದ ಕೆಂಪು ಪಟ್ಟೆ ಸೀರೆ, ಹಸಿರು ಅಂಚು, ಬೇವಿನೆಲೆಯ ವಾಸನೆ. ಹಿಂದೆ ಮುಂದೆ ಯೋಚಿಸದೆ ಆ ಹುಡುಗಿಗೆ ಉಡಿಸಿದಳು. ಕಚ್ಚೆಯನ್ನು ಒಳಗಿನಿಂದ ಬಿಗಿದು, ನೆರಿಗೆಯ ಬುಡಕ್ಕೆ ದಾರ ಸುತ್ತಿ, ಸೆರಗನ್ನು ಎದೆಗೆ ಸಿಕ್ಕಿಸಿದಳು.

“ಹೂಂ, ಈಗ ಬೀಳು.”

ಹುಡುಗಿ ನಡುಮನೆಯಲ್ಲಿ ದೊಪ್ಪನೆ ಬಿದ್ದಳು. ನೆರಿಗೆ ಅಲುಗಲಿಲ್ಲ. ಇಬ್ಬರೂ ಜೋರಾಗಿ ನಕ್ಕರು. ನಗುತ್ತ ತಲೆ ಎತ್ತಿದ ಅಂಜನಮ್ಮನಿಗೆ ಬಾಗಿಲಲ್ಲಿ ಖಾಲಿ ಕುಕ್ಕೆ ಹಿಡಿದು ನಿಂತ ಗಂಡ ಕಂಡ.

ಅವನು ಸೀರೆಯನ್ನೇ ನೋಡುತ್ತಿದ್ದ. ಹುಡುಗಿ ಗಡಬಡಿಸಿ ಎದ್ದು ಕೈಮುಗಿದಳು. “ನಾಟಕದ ದಿನಕ್ಕೆ ಕೊಡ್ತೀನಿ ಅಂದ್ರು ಅಕ್ಕ... ನಿಮಗೆ ಬೇಡ ಅಂದ್ರೆ...”

“ಉಟ್ಕೊಳಮ್ಮ. ಚೆನ್ನಾಗದೆ” ಎಂದು ಅವನು ಹಿತ್ತಲಿಗೆ ಹೋದ.

ರಾತ್ರಿ ಮುದ್ದೆ ಮುರಿಯುತ್ತ, ತಟ್ಟೆಯಿಂದ ಕಣ್ಣು ಎತ್ತದೆ ಹೇಳಿದ.

“ಪಾತ್ರ ತಗೊಂಡ್ರು, ಕೊಟ್ಟೆ. ದನಿ ಕೇಳಿದ್ರು, ಕೊಟ್ಟೆ. ನಿನ್ನ ಯಾರು ಕೇಳಿದ್ರು ಅಂತ ಸೀರೆ ಕೊಟ್ಟೆ?”

“ಪಾಪ, ಮಗು ಹೆದರ್ಕೊಂಡಿತ್ತು...”

“ಕೊನೇ ಹಾಡಿನ ಎರಡನೇ ಚರಣ ಐತಲ್ಲ, ‘ಅರಮನೆಯ ದೀಪಗಳೇ’ ಅಂತ ಮೇಲಕ್ಕೆ ಹೋಗೋದು. ಅಲ್ಲಿ ಬಾಯಿ ಮುಚ್ಕೊಂಡು ಎದ್ದು ಮನೆಗೆ ಬರ್ತೀನಿ. ಪೋಸ್ಟರಲ್ಲಿ ಹೆಸರು ಇರೋರು ಹಾಡ್ಲಿ.”

ಅಂಜನಮ್ಮನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

“ಊರೋರು ಏನಂತಾರೆ? ಸ್ಕೂಲು?”

“ಟಿಕೆಟ್ಟು ಆಗ್ಲೇ ಮಾರಾಗದೆ. ಸೂರು ಬಿದ್ದೋಗಲ್ಲ.”

ಅಷ್ಟೇ. ಮಾತು ಬೆಳೆಸಲಿಲ್ಲ. ಬೈದಿದ್ದರೆ, ತಟ್ಟೆ ಎಸೆದಿದ್ದರೆ ಅಂಜನಮ್ಮನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಊರವರು ಬೈದಾರು, ನಾಲ್ಕು ದಿನ ಮಾತು ಬಿಟ್ಟಾರು, ಅದನ್ನು ತಡೆದುಕೊಳ್ಳಬಹುದು. ಆದರೆ ಹಾಡನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದರೆ ಈ ಮನುಷ್ಯ ಅದನ್ನು ಮತ್ತೆ ಮುಟ್ಟುವುದಿಲ್ಲ. ಬಾವಿಯ ಹಾಗೆ, ನೇಗಿಲಿನ ಹಾಗೆ. ಬೆಳಗಿನ ಜಾವ ಈ ಮನೆ ಮೂಕವಾಗುತ್ತದೆ. ಅದಕ್ಕೆ ಕಾರಣ ತಾನು, ತನ್ನ ಟ್ರಂಕು.

ಶುಕ್ರವಾರ ಬೆಳಿಗ್ಗೆ ಅವನು ಹಾಡದೆ ಸೊಪ್ಪು ಕಟ್ಟಿದ. ಶನಿವಾರವೂ ಹಾಡಲಿಲ್ಲ. ಗಂಟಲು ಕಾಪಾಡಿಕೊಳ್ಳುತ್ತಿದ್ದಾನೆ ಎಂದು ಬೋರಣ್ಣ ಸಂತೋಷಪಟ್ಟ. ಅಂಜನಮ್ಮ ಮೇಷ್ಟ್ರ ಹತ್ತಿರ ಹೇಳಿಬಿಡೋಣ ಎಂದು ಎರಡು ಸಲ ಅವರು ಇಳಿದುಕೊಂಡಿದ್ದ ಬೋರಣ್ಣನ ಮನೆಯವರೆಗೆ ಹೋಗಿ ಎರಡು ಸಲವೂ ವಾಪಸು ಬಂದಳು. ಹೇಳಿದರೆ ಚಕ್ರಪಾಣಿ ಇವನನ್ನು ಕೂರಿಸಿಕೊಂಡು ಕಾವಲು ಹಾಕಿಸುತ್ತಾನೆ. ಕಾವಲು ಕಂಡರೆ ಇವನು ಮೊದಲನೇ ಹಾಡಿಗೇ ಏಳುತ್ತಾನೆ. ಸೀರೆಯನ್ನು ವಾಪಸು ಕೇಳೋಣವೆಂದರೆ ನೆಲ ಕೆರೆಯುತ್ತಿದ್ದ ಹುಡುಗಿಯ ಕಾಲ್ಬೆರಳು ನೆನಪಾಗುತ್ತಿತ್ತು.

ಭಾನುವಾರ ಬಂತು. ಬಡಾವಣೆಯ ಜನ ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿಯಬೇಕೆಂದು ಆಟವನ್ನು ಸಂಜೆ ನಾಲ್ಕಕ್ಕೇ ಇಟ್ಟಿದ್ದರು. ಕೆರೆಯ ಹಿಂದಿನ ಬಯಲಲ್ಲಿ ತಗಡಿನ ಚಪ್ಪರ, ಮುಂದೆ ಕುರ್ಚಿಗಳು, ಕುರ್ಚಿಯಲ್ಲಿ ಮಲ್ಲಿಗೆ ಮುಡಿದ ಜಯನಗರದ ಹೆಂಗಸರು. ಹಿಂದೆ ಚಾಪೆಯ ಮೇಲೆ ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರಿನವರು. ಕಮಲಾದೇವಿ ರಂಗಕ್ಕೆ ಬಂದಾಗ ಎದ್ದ ಶಿಳ್ಳೆಗೆ ತಗಡು ನಡುಗಿತು.

ಪಕ್ಕದ ಪರದೆಯ ಹಿಂದೆ ಚಿಕ್ಕಬೈರಪ್ಪ ಬನಿಯನ್ನು, ಪಂಚೆಯಲ್ಲಿ ಕುಕ್ಕೆ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಎದುರಿಗೆ ಮೈಕು. ಪಕ್ಕದಲ್ಲಿ ಕಷಾಯದ ಚೊಂಬು ಹಿಡಿದು ಅಂಜನಮ್ಮ. ಪರದೆಯಲ್ಲಿ ಒಂದು ಹರುಕು ಇತ್ತು, ಅದರಿಂದ ರಂಗ ಕಾಣುತ್ತಿತ್ತು. ಒಂದೊಂದು ಹಾಡು ಮುಗಿದಾಗಲೂ ಅವಳು ಚೊಂಬು ಚಾಚಿದಳು, ಅವನು ಒಂದು ಗುಟುಕು ಕುಡಿದು ವಾಪಸು ಕೊಟ್ಟ. ಮುಖದಲ್ಲಿ ಏನೂ ಕಾಣಲಿಲ್ಲ. ಎಂಟು ಹಾಡು ಹಾಗೇ ಕಳೆದವು. ಮುಂದಿನ ಸಾಲಿನವರು, “ಎಷ್ಟು ಚೆನ್ನಾಗಿ ಹಾಡ್ತಾಳೆ ನೋಡಿ! ಸಿನಿಮಾದಲ್ಲೂ ಇವಳೇ ಹಾಡ್ಬಾರ್ದಾ?” ಎಂದದ್ದು ಪರದೆಯ ಹಿಂದಕ್ಕೂ ಕೇಳಿಸಿತು. ಚಿಕ್ಕಬೈರಪ್ಪ ಮೂಗಿನಲ್ಲೇ ನಕ್ಕ. ಅಂಜನಮ್ಮ ಚೊಂಬನ್ನು ಕೈ ಬದಲಿಸಿ ಹಿಡಿದಳು.

ಕೊನೆಯ ಅಂಕ. ಕೆಂಪು ಪಟ್ಟೆ ಸೀರೆಯಲ್ಲಿ ಕಮಲಾದೇವಿ ಹೊಸಿಲ ಮುಂದೆ ನಿಂತಳು. ಬೋರಣ್ಣ ಕಿರೀಟ ಹೊತ್ತು ಸಿಂಹಾಸನದಲ್ಲಿ ಮುಖ ತಿರುಗಿಸಿ ಕೂತ. ಹಾರ್ಮೋನಿಯಂ ಎತ್ತಿಕೊಂಡಿತು.

‘ಹೊಸಿಲಿಗೆ ಕೈಮುಗಿದೆ ದೊರೆಯೇ, ಹಿಂದಿರುಗಿ ನೋಡೆನು...’

ಚಿಕ್ಕಬೈರಪ್ಪನ ದನಿ ಹುಡುಗಿಯ ತುಟಿಗೆ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಪಕ್ಕದಲ್ಲೇ ಇದ್ದ ಅಂಜನಮ್ಮನಿಗೂ ಒಂದು ಗಳಿಗೆ ಅವಳೇ ಹಾಡುತ್ತಿದ್ದಾಳೆ ಅನಿಸಿತು. ಮೊದಲ ಚರಣ ಮುಗಿಯಿತು. ಪಲ್ಲವಿ ತಿರುಗಿ ಬಂತು. ಎರಡನೇ ಚರಣ. ಹಾರ್ಮೋನಿಯಂ ಮೇಲಕ್ಕೆ ಹತ್ತಿ, ದಾರಿ ಮಾಡಿಕೊಟ್ಟು ಕಾಯಿತು.

ಚಿಕ್ಕಬೈರಪ್ಪ ಬಾಯಿ ಮುಚ್ಚಿದ. ಟವಲು ಹೆಗಲಿಗೆ ಹಾಕಿಕೊಂಡ. ಮೊಣಕಾಲಿನ ಮೇಲೆ ಕೈ ಊರಿದ.

ರಂಗದಲ್ಲಿ ಹುಡುಗಿ ಅರ್ಧ ಸಾಲಿನವರೆಗೂ ತುಟಿ ಆಡಿಸಿಬಿಟ್ಟಿದ್ದಳು. ದನಿ ಬರಲಿಲ್ಲ. ಬಾಯಿ ತೆರೆದೇ ಉಳಿಯಿತು. ಮೇಷ್ಟ್ರು ಅದೇ ಸಾಲನ್ನು ಒಂದು ಸುತ್ತು ನುಡಿಸಿದರು, ಇನ್ನೊಂದು ಸುತ್ತು ನುಡಿಸಿದರು. “ಮೈಕ್ ಹೋಯ್ತು ಕಣ್ರೋ” ಎಂದ ಯಾರೋ. ಹಿಂದಿನಿಂದ ಒಂದು ಶಿಳ್ಳೆ. ಹುಡುಗಿಯ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಹರುಕಿನಿಂದ ಅವಳ ಕಣ್ಣು ನೇರವಾಗಿ ಅಂಜನಮ್ಮನಿಗೆ ಕಂಡಿತು.

ಗಂಡ ಕುಕ್ಕೆಯಿಂದ ಎದ್ದಾಗಿತ್ತು.

ಅಂಜನಮ್ಮ ಚೊಂಬನ್ನು ಕೆಳಗಿಟ್ಟಳು. ಮೈಕನ್ನು ಎರಡು ಕೈಯಲ್ಲೂ ಹಿಡಿದು ಬಾಯಿಯ ಹತ್ತಿರ ಎಳೆದುಕೊಂಡಳು. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಸೋಬಾನೆಯನ್ನೂ ಹೇಳದವಳು ಕಣ್ಣು ಮುಚ್ಚಿ ಹಾಡಿದಳು.

‘ಅರಮನೆಯ ದೀಪಗಳೇ, ನೀವಾದರೂ ಹೇಳಿ...’

ಒಣ ಗರಿ ಎಳೆದ ಹಾಗೇ ಇತ್ತು. ಹಾರ್ಮೋನಿಯಂ ಎಲ್ಲೋ, ಅವಳು ಎಲ್ಲೋ. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹುಡುಗಿ ಬದುಕಿದೆನೆಂದು ತುಟಿ ಆಡಿಸಿದಳು.

ಚಿಕ್ಕಬೈರಪ್ಪ ಮುಳ್ಳು ತುಳಿದವನಂತೆ ನಿಂತ.

“ಮೇಲೆ” ಎಂದ ಹಲ್ಲು ಕಚ್ಚಿ. “ಮೇಲೆ ತಗೊಳೇ. ಶ್ರುತಿ ಬಿಟ್ಟೋಯ್ತು.”

ಅಂಜನಮ್ಮ ಅದೇ ಸಾಲನ್ನು ಇನ್ನೊಂದು ಸಲ ಹೇಳಿದಳು. ಮೇಲೆ ಹೋಗಲು ನೋಡಿದಳು, ಗಂಟಲು ಸೀಳಿತು. ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ಇವಳು ಬಿಟ್ಟರೆ ಅಲ್ಲಿಗೆ ಮುಗಿಯಿತು. ಮೂರನೇ ಸಲಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದಾಗ ಬಲಗಡೆಯಿಂದ ಒಂದು ಹೆಗಲು ಬಂದು ಅವಳನ್ನು ಪಕ್ಕಕ್ಕೆ ತಳ್ಳಿತು.

‘...ದೀಪಗಳೇ, ನೀವಾದರೂ ಹೇಳಿ!’

ಅವಳು ಬೀಳಿಸಿದ ಜಾಗದಿಂದಲೇ ಎತ್ತಿಕೊಂಡಿದ್ದ. ಆ ಸಾಲು ಕೆಡುವುದನ್ನು ಅವನ ಕಿವಿ ತಡೆಯಲಿಲ್ಲ. ಚಪ್ಪರ ಒಂದೇ ಉಸಿರಿಗೆ “ಆಹಾ” ಎಂದಿತು. ಅವನು ಚರಣ ಮುಗಿಸಿದ, ಪಲ್ಲವಿಗೆ ಇಳಿಸಿದ. ಹುಡುಗಿ ವಿಷದ ಬಟ್ಟಲೆತ್ತಿ ಕುಡಿದು ದೊಪ್ಪನೆ ಬಿದ್ದಳು. ನೆರಿಗೆ ಅಲುಗಲಿಲ್ಲ.

ಅಲ್ಲಿಗೆ ಪರದೆ ಬಿದ್ದಿದ್ದರೆ ಚಕ್ರಪಾಣಿಯ ಗುಟ್ಟು ಉಳಿಯುತ್ತಿತ್ತು. ಆದರೆ ಹಿಂದೆ ಚಾಪೆಯ ಮೇಲಿದ್ದ ಹಳ್ಳಿಯವರು ಹದಿಮೂರು ವರ್ಷ ಕಾದಿದ್ದರು.

“ಒನ್ಸ್ ಮೋರ್! ಒನ್ಸ್ ಮೋರ್!”

ಕೂಗು ಕೇಳಿದ ಕೂಡಲೇ ಪರಮಶಿವಯ್ಯನವರ ಬೆರಳು ತಾವಾಗಿಯೇ ಶ್ರುತಿಗೆ ಹೋದವು. ಹಾರ್ಮೋನಿಯಂ ಎತ್ತಿಕೊಂಡದ್ದೇ ಚಿಕ್ಕಬೈರಪ್ಪನ ಗಂಟಲೂ ತಾನಾಗಿಯೇ ಎತ್ತಿಕೊಂಡಿತು. “ಬೇಡ! ಬೇಡ!” ಎಂದು ಚಕ್ರಪಾಣಿ ಆಚೆ ಬದಿಯಿಂದ ಕೈ ಬೀಸುತ್ತಿದ್ದ. ಯಾರು ನೋಡುತ್ತಾರೆ? ಸತ್ತವಳು ಎದ್ದು ಹಾಡಬೇಕೆಂಬ ಪದ್ಧತಿಯನ್ನು ಆ ಹುಡುಗಿಗೆ ಯಾರೂ ಹೇಳಿಯೇ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಅಚ್ಚುಕಟ್ಟಾಗಿ ಸತ್ತು ಮಲಗಿದ್ದಳು. ಹಾಡು ಮಾತ್ರ ‘ಹೊಸಿಲಿಗೆ ಕೈಮುಗಿದೆ’ ಎಂದು ಚಪ್ಪರ ತುಂಬುತ್ತಿತ್ತು.

ಬೋರಣ್ಣ ಸಿಂಹಾಸನದಿಂದ ಬಗ್ಗಿ ಪಿಸುಗುಟ್ಟಿದ. “ಏಳವ್ವ, ಒನ್ಸ್ ಮೋರು.”

ಹುಡುಗಿ ಒಂದು ಕಣ್ಣು ಬಿಟ್ಟಳು. “ಸತ್ತಿದೀನಲ್ಲ ಯಜಮಾನ್ರೇ!”

ಮೈಕಿನಲ್ಲಿ ಅದು ಬಯಲೆಲ್ಲ ಕೇಳಿಸಿತು. ನಗು ಭೋರೆಂದಿತು. ನಗುವಿನ ನಡುವೆಯೇ ಹಿಂದಿನಿಂದ ಒಬ್ಬ ಮುದುಕ ಎದ್ದು ನಿಂತು ಕೂಗಿದ. “ಲೇ, ಇದು ನಮ್ಮ ಬೈರ ಕಣ್ರೋ! ಕೋಣನಕುಂಟೇಲಿ ಐದು ಸಲ ಸತ್ತೋನು!”

ಈಗ ನಿಲ್ಲಿಸಿಬಿಡುತ್ತಾನೆ ಎಂದುಕೊಂಡಳು ಅಂಜನಮ್ಮ. ಅವನ ಕುತ್ತಿಗೆಯ ನರ ಬಿಗಿದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಮುದುಕನ ಕೂಗು ಅವನಿಗೆ ಕೇಳಿಸಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಕಮಲಾದೇವಿ ಮೆಲ್ಲಗೆ ಎದ್ದು ಕೂತಳು. ಈಗಲಾದರೂ ತುಟಿ ಆಡಿಸಿದ್ದರೆ ಕುರ್ಚಿಯವರಲ್ಲಿ ಅರ್ಧ ಜನ ನಂಬುತ್ತಿದ್ದರೇನೋ. ಅವಳು ಆಡಿಸಲಿಲ್ಲ. ಪಕ್ಕದ ಪರದೆಯ ಕಡೆ ತಿರುಗಿ ಕೂತು, ಎರಡೂ ಕೈ ಮುಗಿದು, ಹಾಡು ಮುಗಿಯುವವರೆಗೂ ಹಾಗೇ ಇದ್ದಳು. ಎರಡನೇ ಚರಣ ಬಂತು. ದನಿ ಹತ್ತಿತು, ನಿಂತಿತು, ಇಳಿಯಿತು.

ಆಟ ಮುಗಿದ ಮೇಲೆ ಚಕ್ರಪಾಣಿ ಯಾರ ಜೊತೆಯೂ ಮಾತಾಡದೆ ಸೈಕಲ್ ಹತ್ತಿ ಹೋದ. ಕಮಲಾದೇವಿ ಸೀರೆ ಮಡಿಸಿ ತಂದುಕೊಟ್ಟಳು. ಬಗ್ಗಿ ಕಾಲು ಮುಟ್ಟಿದವಳು ಎದ್ದು ಮೆಲ್ಲಗೆ ಕೇಳಿದಳು.

“ಅಕ್ಕಾ, ನಡುವೆ ಹಾಡಿದ್ದು ನೀವಲ್ವಾ?”

“ಅವ್ರಿಗೆ ಗಂಟಲು ಕಟ್ತು ಕಣಮ್ಮ. ಅದಕ್ಕೇ” ಎಂದಳು ಅಂಜನಮ್ಮ. ಆಮೇಲೆ ಯಾರು ಕೇಳಿದರೂ ಅದನ್ನೇ ಹೇಳಿದಳು. ಬೋರಣ್ಣನಿಗೂ, ಮೇಷ್ಟ್ರಿಗೂ, ಬಾವಿಯ ಹತ್ತಿರದ ಹೆಂಗಸರಿಗೂ. ಸ್ಕೂಲಿಗೆ ಮಂಗಳೂರು ಹೆಂಚು ಬಂತು. ಬಾವಿಕಟ್ಟೆಯ ಹೆಂಗಸರು ‘ಮೈಕಮ್ಮ’ ಎಂದು ಅವಳಿಗೆ ಹೊಸ ಹೆಸರಿಟ್ಟರು. ನಿಜ ಏನೆಂದು ಗೊತ್ತಿದ್ದದ್ದು ಆ ಮನೆಯ ಇಬ್ಬರಿಗೇ.

ಆದರೆ ಅದೆಲ್ಲ ಆಮೇಲಿನದು. ಅವತ್ತು ಸಂಜೆ ಕೆರೆಯ ಏರಿಯ ಮೇಲೆ ಮನೆಗೆ ನಡೆದು ಬರುವಾಗ ಜನ ಚಿಕ್ಕಬೈರಪ್ಪನ ಹೆಗಲು ತಟ್ಟಿದರು, ಒಬ್ಬ ಬೀಡಿ ಕೊಟ್ಟ. ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸಿದ. ಅಂಜನಮ್ಮ ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಬಂದಳು. ಬಿಟ್ಟನೋ, ಬಿಡಲಿಲ್ಲವೋ? ಅರ್ಧಕ್ಕೆ ಬಾಯಿ ಮುಚ್ಚಿದ್ದು ನಿಜ. ಮತ್ತೆ ತೆಗೆದದ್ದೂ ನಿಜ. ಇವನ ಲೆಕ್ಕದಲ್ಲಿ ಅದು ಯಾವುದು?

ಬೆಳಗಿನ ಜಾವ ಎಚ್ಚರವಾದಾಗ ನಡುಮನೆಯಲ್ಲಿ ಸೊಪ್ಪಿನ ಹಸಿ ವಾಸನೆ ಇತ್ತು. ಅವನು ದಂಟು ಕಟ್ಟುತ್ತಿದ್ದ. ಬಾಯಿ ಮುಚ್ಚಿತ್ತು. ಅವಳು ಎದುರಿಗೆ ಕೂತು ಬಾಳೆನಾರು ಎತ್ತಿಕೊಂಡಳು. ಹತ್ತು ಕಟ್ಟಾಯಿತು. ಇಪ್ಪತ್ತು ಕಟ್ಟಾಯಿತು. ಕೋಳಿ ಕೂಗಿತು. ಅವಳ ಕೈಯಲ್ಲಿ ನಾರು ಎರಡು ಸಲ ಹರಿಯಿತು.

“ಆ ಸಾಲು ಹಂಗಲ್ಲ ಕಣೇ” ಎಂದ ಅವನು, ತಲೆ ಎತ್ತದೆ.

“ಯಾವ್ದು?”

“ಇಪ್ಪತ್ತಮೂರು ವರ್ಷ ಕೇಳಿದೀಯ. ‘ದೀಪಗಳೇ’ ಅನ್ನೋವಾಗ ದನಿ ದೂಕ್ಬಾರ್ದು. ಅದೇ ಹತ್ತುತ್ತೆ. ಕೇಳು.”

ಕೈಯಲ್ಲಿದ್ದ ಕಟ್ಟನ್ನು ಕುಕ್ಕೆಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಆ ಒಂದು ಸಾಲು ಹಾಡಿದ. ಹೊರಗೆ ಇನ್ನೂ ಕತ್ತಲೆ ಇತ್ತು.

“ಹೂಂ, ಹೇಳು.”

ಅಂಜನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

“ಮೇಲೆ.”

ಮತ್ತೆ ಹೇಳಿದಳು.

“ಇನ್ನೂ ಮೇಲೆ” ಎಂದ ಅವನು, ಇನ್ನೊಂದು ಹಿಡಿ ದಂಟು ಎತ್ತಿಕೊಳ್ಳುತ್ತ.